ಗೋಡೆಯನ್ನು ಕೆಡವಿದ್ದು ಕಿಟಕಿಯಲ್ಲ

ನಮ್ಮ ಹುಬ್ಬಳ್ಳಿಯ ಮನೆಯಲ್ಲಿ ಅಡಿಗೆಮನೆಯ ಗೋಡೆ ಬಿದ್ದದ್ದು ನಾನು ಕೇಳಿ ಮಾಡಿಸಿಕೊಂಡ ಕಿಟಕಿಯಿಂದ ಎಂದು ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವನವರು, ಎಲ್ಲರೆದುರು ಹೇಳಿದರು. ಅದು ಸುಳ್ಳು. ಸುಳ್ಳೆಂದು ಅವರಿಗೇ ಗೊತ್ತಾದ ಮೇಲೂ ಅವರು ಅದನ್ನು ಹಿಂತೆಗೆದುಕೊಳ್ಳಲಿಲ್ಲ. ಅಂದಿನಿಂದ ಇಂದಿನವರೆಗೆ ಮದುವೆಯ ಪಂಕ್ತಿಗಳಲ್ಲಿ, ತೊಟ್ಟಿಲ ಕಾರ್ಯಗಳಲ್ಲಿ, ಎಲೆ-ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಆ ಮಾತು ಮನೆತನದ ವಿನೋದವಾಗಿ ಉಳಿದುಬಂದಿದೆ. ಹೋದ ತಿಂಗಳು ಅವರ ಮೊಮ್ಮಗ ಕೇಶ್ವಾಪುರದಲ್ಲಿ ಕಟ್ಟಿಸಿದ ಮನೆಯ ಪ್ರವೇಶಕ್ಕೆ ಹೋಗಿದ್ದೆ. ಅಲ್ಲಿಯ ಅಡಿಗೆಮನೆಗೆ ಗೋಡೆಯ ಅರ್ಧದಷ್ಟು ಅಗಲದ ಕಿಟಕಿ. ನಾನು ಅದರ ಮುಂದೆ ಸಂತೋಷದಿಂದ ನಿಂತಿದ್ದಾಗ, ಎಂಬತ್ತೆಂಟರ ಭಾವನವರು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಮೊಮ್ಮಗನಿಗೆ ಹೇಳಿದರು: “ಕಿಡಕಿ ಜ್ವಾಕಿಪಾ. ನಿಮ್ಮ ಸಣ್ಣ ಆಯಿ ಒಂದು ಕಿಡಕಿ ಬೇಡಿ ಇಡೀ ಗೋಡಿ ಕೆಡವಿದಾಕಿ.” ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮನೆಗೆ ಬಂದು ಈ ಕಾಗದ ತೆಗೆದೆ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನನ್ನ ಕೋಪ ಎಷ್ಟೇ ಇರಲಿ, ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು: ಮನೆಯನ್ನು ಬಿಚ್ಚಿ ಕಟ್ಟಿದ ಆ ಎಂಟು ತಿಂಗಳಷ್ಟು ಉತ್ಸಾಹದ ದಿನಗಳನ್ನು ನನ್ನ ಬದುಕಿನಲ್ಲಿ ನಾನು ಮತ್ತೆ ಕಂಡಿಲ್ಲ.

ಆಗಿನ್ನೂ ಇಂಗ್ರೇಜಿ ಸರಕಾರವಿದ್ದ ಕಾಲ. ನಾನು ಧಾರವಾಡದವಳು. ನನ್ನ ತಂದೆ ಮೋಜಣಿ ಕಚೇರಿಯಲ್ಲಿ ಕಾರಕೂನರಾಗಿದ್ದರು. ಹೊಲಗಳನ್ನು ಅಳೆದು ನಕಾಶೆ ಬರೆಯುವುದು ಅವರ ಕೆಲಸ. ಯಾವುದನ್ನೂ ಅಳೆಯದೆ ನಂಬಬಾರದೆಂಬ ಬುದ್ಧಿ ನನಗೆ ಬಂದದ್ದು ಅವರಿಂದ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷವೇ ನನ್ನನ್ನು ಹುಬ್ಬಳ್ಳಿಯ ಕಮರಿಪೇಟೆಯ ಹಿಂದಿನ ಓಣಿಯ ಕಾಳಿನ ವ್ಯಾಪಾರಸ್ಥರ ಮನೆಗೆ ಕೊಟ್ಟರು. ಮಾವನವರು ನನ್ನ ಮದುವೆಗೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆಯವರು, ಜೋಳದ ಅಂಗಡಿ ನಡೆಸುತ್ತಿದ್ದ ಭಾವನವರು, ಹತ್ತಿಯ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಗಂಡ ಮತ್ತು ನಾನು. ಭಾವನವರ ಹೆಂಡತಿ ಮಕ್ಕಳೊಂದಿಗೆ ಹೆರಿಗೆಗೆ ತವರಿಗೆ ಹೋಗಿದ್ದರಿಂದ ಈ ಪ್ರಸಂಗದಲ್ಲಿ ಅವರ ಪಾತ್ರವಿಲ್ಲ.

ಆ ಮನೆ ಮಣ್ಣಿನ ಮಾಳಿಗೆಯದು, ಎಂದರೆ ಚಪ್ಪಟೆ ಛಾವಣಿಯದು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮೊಳಕಾಲುದ್ದ ಮಣ್ಣು. ಬೇಸಿಗೆಯಲ್ಲಿ ತಂಪು, ನಿಜ. ಆದರೆ ಅಡಿಗೆಮನೆ ಇದ್ದದ್ದು ಕಟ್ಟಕಡೆಗೆ, ಹಿತ್ತಿಲಿಗೆ ಬೆನ್ನು ಮಾಡಿ. ಅದಕ್ಕೆ ಬೆಳಕೆಂದರೆ ಮಾಳಿಗೆಯಲ್ಲಿ ಕೊರೆದಿದ್ದ ಒಂದು ಬೆಳಕಿಂಡಿ ಮಾತ್ರ. ಮಳೆ ಬಂದರೆ ಅದನ್ನೂ ತಗಡಿನಿಂದ ಮುಚ್ಚಬೇಕು. ಮುಚ್ಚಿದರೆ ಹೊಗೆಯೂ ನಾವೂ ಒಂದೇ ಕೋಣೆಯಲ್ಲಿ ಸೆರೆ. ಅತ್ತೆಯವರಿಗೆ ಐವತ್ತು ದಾಟಿರಲಿಲ್ಲ, ಆದರೂ ಅವರ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಬೆಳಗ್ಗೆ ರೆಪ್ಪೆಗಳು ಅಂಟಿಕೊಂಡು, ಬಿಸಿನೀರಿನಲ್ಲಿ ತೊಳೆದ ಮೇಲೆಯೇ ಬಿಚ್ಚಿಕೊಳ್ಳುತ್ತಿದ್ದವು. ಹೆಂಚಿನ ಮೇಲಿನ ರೊಟ್ಟಿ ಬೆಂದಿತೋ ಇಲ್ಲವೋ ಎಂಬುದನ್ನು ಅವರು ಕಣ್ಣಿನಿಂದಲ್ಲ, ಮೂಗಿನಿಂದ ತಿಳಿಯುತ್ತಿದ್ದರು. ನನ್ನ ಗತಿಯೂ ಇಪ್ಪತ್ತು ವರ್ಷಗಳಲ್ಲಿ ಅದೇ ಆಗುವುದೆಂದು ಮೊದಲ ವಾರದಲ್ಲೇ ಲೆಕ್ಕ ಹಾಕಿದ್ದೆ.

ಮದುವೆಯಾದ ಎರಡನೆಯ ವರ್ಷ ಪಡಸಾಲೆಯ ಒಂದು ತೊಲೆ ಗೆದ್ದಲು ತಿಂದು ಬಾಗಿತು. ಭಾವನವರು ಮಾಳಿಗೆಯನ್ನೇ ಇಳಿಸಿ ಮಂಗಳೂರು ಹೆಂಚು ಹೊದಿಸುವುದೆಂದು ನಿರ್ಧರಿಸಿದರು. ನಮ್ಮ ಓಣಿಯಲ್ಲಿ ಅದೇ ಮೊದಲ ಹೆಂಚಿನ ಮನೆಯಾಗುವುದಿತ್ತು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮಾಳಿಗೆ ಬಿಚ್ಚುವವರು ಗೋಡೆಗೊಂದು ಕಿಟಕಿ ಏಕೆ ಬಿಡಬಾರದು?

ಆದರೆ ಕೇಳುವುದು ಹೇಗೆ? ತಮ್ಮನ ಹೆಂಡತಿ ಭಾವನೊಂದಿಗೆ ನೇರವಾಗಿ ಮಾತನಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ಅತ್ತೆಯವರಿಗೆ ಹೇಳಬೇಕು; ಮೂರು ಮಾರು ದೂರದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ ಭಾವನವರು ಅತ್ತೆಯವರಿಗೇ ಉತ್ತರ ಕೊಡಬೇಕು. ಅತ್ತೆಯವರು ನಡುವೆ ಅಕ್ಕಿ ಆರಿಸುತ್ತಾ ಕುಳಿತಿರುತ್ತಿದ್ದರು. ಹೀಗೆ ನಡೆದ ನಮ್ಮ ವಾದಗಳಲ್ಲಿ ಅವರು ಬಾಯಿ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

“ಅತ್ತೀ, ಅಡಗಿಮನಿ ಹಿಂದಿನ ಗೋಡಿಗೆ ಒಂದು ಕಿಡಕಿ ಆದ್ರ ಹೊಗಿ ಹೊರಗ ಹೋಗತೈತಿ ಅಂತ ಹೇಳ್ರಿ,” ಎಂದೆ.

ಭಾವನವರು ಅಡಿಕೆ ಕತ್ತರಿಸುತ್ತಾ, “ಯವ್ವಾ, ಅಡಗಿಮನ್ಯಾಗ ಕಿಡಕಿ ಯಾತಕ್ಕ ಬೇಕು ಕೇಳು. ರೊಟ್ಟಿಗೆ ಬಾಯಿದಾರಿ ಕಾಣೂದಿಲ್ಲಂತೇನು?” ಎಂದರು. “ಧಾರವಾಡದ ಶ್ಯಾಣ್ಯಾಕಿ ತಂದೇವಿ. ಇವತ್ತು ಕಿಡಕಿ, ನಾಳಿಗೆ ಗಡಿಯಾರ ಕೇಳತಾಳ,” ಎಂದೂ ಸೇರಿಸಿದರು.

ಅಂದು ಅತ್ತೆಯವರು ಮೊದಲ ಬಾರಿಗೆ ನಡುವೆ ಬಾಯಿ ಹಾಕಿದರು. ಮೊರವನ್ನು ಕೆಳಗಿಟ್ಟು, “ಆಕೀದಲ್ಲಪಾ, ನಂದು ಅಂತ ತಿಳಕೋ. ನನಗ ಈ ಹೊಗಿ ಸಾಕಾಗೇತಿ,” ಎಂದರು. ಮರುದಿನವೇ ಬಡಿಗೇರನಿಗೆ ಸಾಗವಾನಿಯ ಚೌಕಟ್ಟಿನ ಅಳತೆ ಹೋಯಿತು: ಎರಡೂವರೆ ಅಡಿ ಅಗಲ, ಮೂರಡಿ ಎತ್ತರ, ಐದು ಸರಳು. ಅಳತೆ ನನ್ನದು, ಬಾಯಿ ಅತ್ತೆಯವರದು.

ಕೆಲಸ ಆರಂಭವಾದ ದಿನ ಬಂದ ಗೌಂಡಿ ಬಿಳಿ ಗಡ್ಡದ ಸಾಬರು, ಕಟ್ಟುವ ಕೆಲಸದಲ್ಲಿ ಓಣಿಗೆಲ್ಲ ಹಿರಿಯರು. ಕೈಗೆ ಹಾರೆ ತೆಗೆದುಕೊಳ್ಳುವ ಮೊದಲು ಅವರು ಒಂದು ಪ್ರಶ್ನೆ ಕೇಳಿದರು. ಅದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ: “ಸಾವಕಾರ್ರ, ಕಾಳಿನ ಮಂದಿ ಮನಿ ಇದು. ಹಗೇವು ಎಲ್ಲಿ ಐತಿ ಹೇಳ್ರಿ.”

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ತುಂಬಿದ ಮೇಲೆ ಬಾಯಿಗೆ ಕಲ್ಲಿಟ್ಟು ಮಣ್ಣು ಬಡಿದು ನೆಲ ಸಾರಿಸಿದರೆ ಹೊರಗಿನವರಿಗೆ ಗುರುತೇ ಸಿಗದು. ಕಳ್ಳರ ಭಯಕ್ಕೂ ದಾಯಾದಿಗಳ ಭಯಕ್ಕೂ ಅದರ ಜಾಗವನ್ನು ತಂದೆಯು ಹಿರಿಯ ಮಗನೊಬ್ಬನಿಗೆ ಮಾತ್ರ ಹೇಳುವುದು ಆ ಮನೆತನದ ಪದ್ಧತಿ. ಹೆಂಡತಿಗೂ ಹೇಳುವುದಿಲ್ಲ, ಕಿರಿಯ ಮಗನಿಗೂ ಹೇಳುವುದಿಲ್ಲ. ಕಾಳನ್ನು ಚೀಲಗಳಲ್ಲಿ ಕೂಡಿಡಲು ತೊಡಗಿ ಬಹಳ ವರ್ಷಗಳಾಗಿದ್ದರೂ, ಆ ಗುಟ್ಟನ್ನು ತಿಳಿದವನೇ ಮನೆಯ ಯಜಮಾನ ಎಂಬ ಭಾವನೆ ಮಾತ್ರ ಹೋಗಿರಲಿಲ್ಲ.

ಭಾವನವರು ಒಂದು ಕ್ಷಣವೂ ತಡೆಯದೆ, ಬೀದಿಯ ಕಡೆಯ ಮುಂಗಟ್ಟಿನ ಎಡಗಡೆಯ ನೆಲವನ್ನು ಚಪ್ಪಲಿಯ ತುದಿಯಿಂದ ತಟ್ಟಿ, “ಇಲ್ಲೇ. ಅಪ್ಪ ಇದ್ದಾಗನ ಮಣ್ಣು ತುಂಬಿಸೇವಿ. ನೀವು ಹಿಂದ ಚಿಂತಿ ಇಲ್ಲದಂಗ ಕೆಲಸ ಮಾಡ್ರಿ,” ಎಂದರು.

ಮಾಳಿಗೆ ಇಳಿಯತೊಡಗಿತು. ಆಹಾ, ಆ ದಿನಗಳು! ಬುಟ್ಟಿ ಬುಟ್ಟಿಯಾಗಿ ಮಣ್ಣು ಹೊರಗೆ ಹೋದಂತೆ ಕೋಣೆಕೋಣೆಗೆ ಬಿಸಿಲು ಬಂತು. ನನ್ನ ಮದುವೆಯ ಪೆಟ್ಟಿಗೆಯ ಮೇಲೆ ಬಿಸಿಲು ಬಿದ್ದದ್ದನ್ನು ಅಂದೇ ಕಂಡೆ. ಹಸಿರೆಂದು ನಾನು ತಿಳಿದಿದ್ದ ಅದರ ಬಣ್ಣ ನೀಲಿಯಾಗಿತ್ತು. ಅಡಿಗೆಮನೆಯ ಮೇಲಿನ ಜಂತಿ ಕಿತ್ತ ಬೆಳಗ್ಗೆ ಅತ್ತೆಯವರು ಒಲೆಯ ಮುಂದೆ ನಿಂತು ಕತ್ತು ಮೇಲೆತ್ತಿ ಆಕಾಶ ನೋಡಿ ನಕ್ಕರು. ಅವರ ಹಲ್ಲು ಇಷ್ಟು ಸಾಲಾಗಿದೆ ಎಂಬುದೂ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಸ್ಟೇಷನ್ನಿನ ಕಡೆಯಿಂದ ನಾಲ್ಕು ಚಕ್ಕಡಿಗಳಲ್ಲಿ ಹೆಂಚು ಬಂದಾಗ ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ನಿಂತರು. ಹುಲ್ಲಿನ ನಡುವೆ ಕೆಂಪಗೆ ಹೊಳೆಯುತ್ತಿದ್ದ ಒಂದು ಹೆಂಚನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದೆ. ಕಂಚಿನ ತಟ್ಟೆಯಂತೆ ದನಿ ಕೊಟ್ಟಿತು. ನಾನು ಎಣಿಸಿದೆ, ಹದಿಮೂರು ಒಡೆದಿದ್ದವು. ಇಳಿಸುವಾಗ ಒಡೆದದ್ದು ಎರಡೇ. ಉಳಿದ ಹನ್ನೊಂದು ದಾರಿಯಲ್ಲೇ ಒಡೆದಿದ್ದವು ಎಂದು ನಾನು ಹೇಳಿ ಕಳಿಸಿದ್ದಕ್ಕೆ ಚಕ್ಕಡಿಯವನು ನನ್ನನ್ನು ಇಂದಿಗೂ ಕ್ಷಮಿಸಿರಲಾರ.

ಇಳಿಸಿದ ಮಣ್ಣನ್ನು ಎಲ್ಲಿ ಹಾಕಬೇಕೆಂದು ಆಳುಗಳು ಕೇಳಿದಾಗ, ಅಡಿಗೆಮನೆಯ ಗೋಡೆಗೆ ಹತ್ತಿ ಹಿತ್ತಿಲ ಮೂಲೆಯಲ್ಲಿ ಒಟ್ಟಿರೆಂದು ಹೇಳಿದವರು ಭಾವನವರು. ಇದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು. ಆಳೆತ್ತರದ ಗುಡ್ಡೆಯಾಯಿತು. ಅದೇ ಗೋಡೆಯಲ್ಲಿ ಗೌಂಡಿಯವರು ಕಿಟಕಿಯ ಜಾಗ ಕೊರೆದು, ಮೇಲೆ ಅಡ್ಡಹಲಗೆ ಕೊಟ್ಟು, ಚೌಕಟ್ಟು ಕೂರಿಸಿದರು. ಆ ಚೌಕಟ್ಟಿನಿಂದ ಮೊದಲು ಕಂಡದ್ದು ಹಿತ್ತಿಲ ಬೇವಿನ ಗಿಡ. ನಾನು ಕೆಲಸವಿಲ್ಲದಿದ್ದರೂ ಅದರ ಮುಂದೆ ಹಾದುಹೋಗುತ್ತಿದ್ದೆ.

ಚೌಕಟ್ಟು ಕೂರಿಸಿದ ನಾಲ್ಕನೆಯ ದಿನ ಸಂಜೆ, ಯಾರೂ ನಿರೀಕ್ಷಿಸದ ಅಡ್ಡಮಳೆ ಹೊಡೆಯಿತು. ಮಾಳಿಗೆಯಿಲ್ಲದ ಮನೆ, ತೆರೆದ ಗೋಡೆ, ನೆನೆದ ಗುಡ್ಡೆ. ಮರುದಿನ ಬಿಸಿಲು ಬಿತ್ತು, ನಾವು ಹಿತ್ತಿಲಲ್ಲಿ ಹೂಡಿದ್ದ ಒಲೆಯನ್ನು ಮತ್ತೆ ಹೊತ್ತಿಸಿದೆವು. ಅತ್ತೆಯವರು ಗೋಡೆಯ ನೆರಳಿನಲ್ಲಿ ಮಣೆ ಹಾಕಿಕೊಂಡು ಜೋಳ ಹಸನು ಮಾಡುತ್ತಿದ್ದರು. ನೆರಳು ಸರಿದು ಮುಖಕ್ಕೆ ಬಿಸಿಲು ಬಂದುದರಿಂದ, ನೀರು ಕುಡಿದು ಬರುತ್ತೇನೆಂದು ಎದ್ದು ನನ್ನ ಕಡೆ ಬಂದರು. ತಂಬಿಗೆ ಅವರ ಕೈಯಲ್ಲಿತ್ತು. ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ ಒಂದು ಗೆರೆ ಬಿದ್ದದ್ದನ್ನು ನಾನು ನೋಡಿದೆ. ಮರುಕ್ಷಣ ಗೋಡೆಯ ಬುಡ ಕೂತುಬಿಟ್ಟಿತು, ಮೇಲಿನ ಭಾಗ ಹೊರಕ್ಕೆ ಬಾಗಿ ಹಿತ್ತಿಲಿಗೆ ಉರುಳಿತು. ಧೂಳು ಇಳಿದಾಗ ಮಣೆಯೂ ಮೊರವೂ ಇರಲಿಲ್ಲ. ಅವುಗಳ ಮೇಲೆ ಎದೆಮಟ್ಟದ ಮಣ್ಣಿತ್ತು.

ಅಂಗಡಿಯಿಂದ ಓಡಿಬಂದ ಭಾವನವರು ತಾಯಿಯನ್ನು ಮುಟ್ಟಿ ನೋಡಿದರು. ಅವರ ತಲೆಯ ಮೇಲಿನ ಧೂಳನ್ನು ಕೈಯಾರೆ ಕೊಡವಿದರು, ಅದನ್ನೂ ಬರೆಯುತ್ತೇನೆ. ಆಮೇಲೆ ಓಣಿಯ ಜನ ಕೂಡಿದರು, ಭಾವನವರ ದನಿ ಏರಿತು. “ನಾ ಬ್ಯಾಡ ಅಂದಿದ್ದೆ. ಕಿಡಕಿ ಕೊರದು ಗೋಡಿ ಜೀವಾ ತಗದ್ರು. ಹೆಂಗಸರ ಮಾತು ಕೇಳಿದ್ದಕ್ಕ ನಮ್ಮವ್ವ ಇವತ್ತು ಹೋಗತಿದ್ಲು,” ಎಂದರು. ಎದುರು ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು, “ಬೆಳಕು ಬೇಡಿದಾಕಿಗೆ ಆಕಾಶಾನ ಸಿಕ್ಕತಲ್ಲವಾ,” ಎಂದಳು. ಮಾತು ಚೆನ್ನಾಗಿತ್ತು ಎಂದು ಒಪ್ಪುತ್ತೇನೆ. ಅಂದು ಅವಳು ಉಟ್ಟಿದ್ದ ಸೀರೆಯ ಅಂಚು ಯಾವ ಬಣ್ಣದ್ದು ಎಂದು ಕೇಳಿದರೂ ಈಗಲೂ ಹೇಳಬಲ್ಲೆ.

ಮರುದಿನ ಬೆಳಗ್ಗೆ ಗೌಂಡಿಯವರು ಕುಸಿದ ಬುಡವನ್ನು ಬಹಳ ಹೊತ್ತು ನೋಡಿ, ಭಾವನವರನ್ನು ಎರಡನೆಯ ಬಾರಿ ಕೇಳಿದರು: “ಹಗೇವು ಮುಂದ ಐತಿ ಅಂದ್ರಿ. ಖರೇ ಏನ್ರಿ, ಸಾವಕಾರ್ರ?” ಭಾವನವರು ಮುಂಗಟ್ಟಿಗೆ ನಡೆದುಹೋಗಿ ಅದೇ ನೆಲವನ್ನು ಮತ್ತೆ ತಟ್ಟಿದರು. “ಎಷ್ಟು ಸರ್ತಿ ಹೇಳಬೇಕು? ಇಲ್ಲೇ.”

ಹಳೆಯ ಬುಡದ ಮೇಲೆಯೇ ಕಲ್ಲುಮಣ್ಣಿನ ಹೊಸ ಗೋಡೆ ಎದ್ದಿತು, ಕಿಟಕಿಯಿಲ್ಲದೆ. ನನ್ನ ಚೌಕಟ್ಟನ್ನು ಮಣ್ಣಿನಡಿಯಿಂದ ತೆಗೆದು ಪಡಸಾಲೆಯ ಮೂಲೆಗೆ ಒರಗಿಸಿದರು. ಅದರ ಬದಲಿಗೆ ಮೇಲೆ ಎರಡು ಗಾಜಿನ ಹೆಂಚು ಹಾಕಿಸುವುದಾಗಿ ಭಾವನವರು ತಾಯಿಗೆ ಹೇಳಿದರು. “ಗಾಜಿನಾಗ ಬೆಳಕು ಬರತೈತಿ, ಹೊಗಿ ಗಾಜಿನಾಗಿಂದ ಹೊರಗ ಹೋಗತೈತೇನು ಕೇಳ್ರಿ, ಅತ್ತೀ,” ಎಂದೆ. ಅದಕ್ಕೆ ಬಂದದ್ದು ಆಜ್ಞೆ: ಆ ಚೌಕಟ್ಟು ಮುಂದಿನ ಸೋಮವಾರ ಅಂಗಡಿಗೆ ಹೋಗುವುದು, ಹೇಗೂ ಅಲ್ಲಿಯ ಹಿಂದಿನ ಕೋಣೆಗೆ ಗಾಳಿ ಇಲ್ಲ. ಜೋಳದ ಚೀಲಗಳಿಗೆ ಗಾಳಿ ಬೇಕು. ಅವರ ತಾಯಿಗೆ ಬೇಡ.

ಹೆಂಚು ಏರಿ ಎರಡು ದಿನಗಳಾಗಿರಲಿಲ್ಲ. ಕಿಟಕಿಯೇ ಇಲ್ಲದ ಹೊಸ ಗೋಡೆಯಲ್ಲಿ, ಅದೇ ಮೂಲೆಯಲ್ಲಿ, ಕೂದಲೆಳೆಯಂಥ ಬಿರುಕು ಕಂಡೆ. ಕಿಟಕಿ ಗೋಡೆಯನ್ನು ಕೆಡವಿದ್ದರೆ, ಕಿಟಕಿಯಿಲ್ಲದ ಗೋಡೆ ಬಿರಿಯುವುದೇಕೆ?

ನಾನು ಯಾರಿಗೂ ಹೇಳಲಿಲ್ಲ, ಅಳೆದೆ. ಹಳೆಯ ಪಂಚಾಂಗದ ಹಾಳೆಯಿಂದ ಬೆರಳಗಲದ ಚೂರುಗಳನ್ನು ಕತ್ತರಿಸಿ, ಹಿಟ್ಟಿನ ಅಂಟಿನಿಂದ ಬಿರುಕಿಗೆ ಅಡ್ಡಲಾಗಿ ಮೂರು ಕಡೆ ಅಂಟಿಸಿದೆ. ಗೋಡೆ ನಿಂತಿದ್ದರೆ ಕಾಗದ ನಿಲ್ಲುತ್ತದೆ, ನಡೆದರೆ ಹರಿಯುತ್ತದೆ. ಮರುದಿನ ಕೆಳಗಿನ ಚೂರು ಹರಿದಿತ್ತು. ಅದರ ಮರುದಿನ ನಡುವಿನದು. ರೊಟ್ಟಿಯ ಹಿಟ್ಟು ನಾದುವ ಪರಾತವನ್ನು ಗೋಡೆಯ ಬುಡದಲ್ಲಿಟ್ಟು ನೀರು ಹಾಕಿದೆ. ನೀರು ಒಂದು ಕಡೆ ಅಂಚು ಮುಟ್ಟಿತು, ಇನ್ನೊಂದು ಕಡೆ ಮೂರು ಬೆರಳು ಕೆಳಗೆ ಉಳಿಯಿತು. ಪರಾತವನ್ನು ಎಲ್ಲಿ ಇಟ್ಟರೂ ನೀರು ಅದೇ ಮೂಲೆಯ ಕಡೆಗೇ ವಾಲುತ್ತಿತ್ತು. ನೆಲವೇ ಅತ್ತ ಇಳಿಯುತ್ತಿತ್ತು. ಶನಿವಾರ ಗಿರಣಿಯಿಂದ ಬಂದ ಗಂಡನಿಗೆ ತೋರಿಸಿದೆ. ಅವರು ಮೊದಲು ನಕ್ಕು, “ಗೋಡಿಗೆ ಪಟ್ಟಿ ಕಟ್ಟಿಯೇನು, ಡಾಕ್ಟರಬಾಯಿ?” ಎಂದರು. ಆಮೇಲೆ ಹರಿದ ಕಾಗದ ನೋಡಿದರು, ಪರಾತ ನೋಡಿದರು, ನಗು ನಿಲ್ಲಿಸಿ ಚಪ್ಪಲಿ ಮೆಟ್ಟಿಕೊಂಡು ಗೌಂಡಿಯವರ ಮನೆಗೆ ಹೋದರು.

ಭಾನುವಾರ ಬೆಳಗ್ಗೆ ಗೌಂಡಿಯವರು ಬಂದರು. ಸೋಮವಾರಕ್ಕೆ ಒಂದು ದಿನವಿತ್ತು. ಅವರು ಹಾರೆಯ ಹಿಂಬದಿಯಿಂದ ನೆಲವನ್ನು ಬಡಿಯುತ್ತಾ ಬಂದರು: ಒಲೆಯ ಬಳಿ ಗಟ್ಟಿ ದನಿ, ನಡುವೆ ಗಟ್ಟಿ ದನಿ, ಆ ಮೂಲೆಯಲ್ಲಿ ನಗಾರಿಯ ದನಿ. ಅವರು ನನ್ನ ಮುಖ ನೋಡಿದರು. ನಾನು ಅತ್ತೆಯವರ ಮುಖ ನೋಡಿದೆ. ಅವರಿಗೆ ಆಗ ನೆನಪಾಯಿತು: ತಾವು ಒಂಬತ್ತು ವರ್ಷದವರಾಗಿ ಈ ಮನೆಗೆ ಬಂದಾಗ ಅಡಿಗೆಮನೆ ಇಷ್ಟು ಉದ್ದವಿರಲಿಲ್ಲ, ಹಿತ್ತಿಲು ಇನ್ನೂ ಒಳಗಿನಿಂದಲೇ ಶುರುವಾಗುತ್ತಿತ್ತು, ಪ್ಲೇಗಿನ ವರ್ಷ ಎಲ್ಲರೂ ಊರ ಹೊರಗೆ ಗುಡಿಸಲಲ್ಲಿದ್ದು ತಿರುಗಿ ಬಂದ ಮೇಲೆ ಗೋಡೆಯನ್ನು ಹಿಂದಕ್ಕೆ ಸರಿಸಿದ್ದರು. ಹಿತ್ತಿಲಲ್ಲಿದ್ದದ್ದು ಗೋಡೆಯ ಅಡಿಗೆ ಬಂದದ್ದು ಹೀಗೆ.

ಗೋಡೆಗೆ ಮರದ ಆನಿಕೆ ಕೊಟ್ಟು ಒಂದು ಮೊಳ ಅಗೆದಿರಬೇಕು, ಹಾರೆ ಕಲ್ಲಿಗೆ ತಾಗಿತು. ಚಪ್ಪಟೆಯ ದೊಡ್ಡ ಹಾಸುಗಲ್ಲು, ನಡುವೆ ಸೀಳಿತ್ತು. ಅದನ್ನು ಸರಿಸಿದಾಗ ಒಳಗಿನಿಂದ ಬಂದ ಹಳೆಯ ಕಾಳಿನ, ಹುಳಿತ ಗಾಳಿಯ ವಾಸನೆಗೆ ಎಲ್ಲರೂ ಹಿಂದೆ ಸರಿದೆವು. ಗೌಂಡಿಯವರು ಯಾರನ್ನೂ ಇಳಿಯಗೊಡಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟರು. ಆಳುದ್ದ ಇಳಿದದ್ದೇ ಅದು ಆರಿಹೋಯಿತು. ಬಾಯಿ ತೆರೆದಿಟ್ಟು ಕಾದು, ಮೂರನೆಯ ದಿನ ಬಿಟ್ಟಾಗ ದೀಪ ತಳದವರೆಗೂ ಉರಿಯಿತು. ನಾನು ನೆಲದ ಮೇಲೆ ಬೋರಲು ಮಲಗಿ ನೋಡಿದೆ, ನನ್ನ ಮರ್ಯಾದೆಯನ್ನು ಕ್ಷಣಕಾಲ ಮರೆತು. ಕೆಳಗೆ ಗಡಿಗೆಯ ಹೊಟ್ಟೆಯಂತೆ ಉಬ್ಬಿದ ಕತ್ತಲು. ಸುತ್ತ ಗೋಡೆಗೆ ಮೆತ್ತಿದ ಕಪ್ಪು ಹುಲ್ಲು, ಕಪ್ಪು ಜೋಳ. ನಮ್ಮ ಗೋಡೆಯ ಮೂಲೆ ಆ ಹೊಟ್ಟೆಯ ನೆತ್ತಿಯ ಮೇಲೆ ನಿಂತಿತ್ತು. ಮೇಲೆ ಒಟ್ಟಿದ ನೆನೆದ ಮಣ್ಣಿನ ಭಾರಕ್ಕೆ ಕಲ್ಲು ಸೀಳಿತ್ತು. ಕಿಟಕಿ ಇಲ್ಲದಿದ್ದರೂ ಆ ಗೋಡೆ ಬೀಳುತ್ತಿತ್ತೆಂದು ಗೌಂಡಿಯವರು ನನ್ನ ಗಂಡನಿಗೂ ಭಾವನವರಿಗೂ ಒಟ್ಟಿಗೆ ಹೇಳಿದರು. ಆ ಕ್ಷಣ ನನಗೆ ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಪಡಸಾಲೆಗೆ ಹೋಗಿ ಚೌಕಟ್ಟಿನ ಧೂಳನ್ನು ಸೆರಗಿನಿಂದ ಒರೆಸಿದೆ. ಸೋಮವಾರ ಆಗಲೇ ಕಳೆದಿತ್ತು, ಚೌಕಟ್ಟು ಮನೆಯಲ್ಲೇ ಇತ್ತು.

ಭಾವನವರು ಗುಂಡಿಯನ್ನು ನೋಡಿದರು. “ಎರಡು ಹಗೇವು ಅದಾವ ಅಂತ ಅಪ್ಪ ಹೇಳಿದ್ದ. ಇದು ಸಣ್ಣದು,” ಎಂದು ಅಂಗಡಿಗೆ ಹೊರಟುಹೋದರು. ಕಿಟಕಿಯ ಬಗ್ಗೆ ಒಂದು ಮಾತೂ ಇಲ್ಲ.

ಎರಡು ಇದ್ದವೇ ಎಂಬುದು ತಿಳಿಯಲು ತಡವಾಗಲಿಲ್ಲ. ಆ ವಾರವೇ ಮುಂಗಟ್ಟಿನ ಹೊಸ ಕಂಬಕ್ಕೆ ಕಲ್ಲು ಕೂರಿಸಲು, ಭಾವನವರು ಎರಡು ಬಾರಿ ತಟ್ಟಿ ತೋರಿಸಿದ್ದ ಅದೇ ಜಾಗವನ್ನು ಗೌಂಡಿಯವರು ಅಗೆದರು. ಭಾವನವರು ಅಂಗಡಿಯಲ್ಲಿದ್ದರು. ಅಗೆದಷ್ಟೂ ಬಂದದ್ದು ಗಟ್ಟಿ ಗರಸು, ಪದರು ಪದರಾಗಿ, ಕೆಂಪಗೆ. ಗೌಂಡಿಯವರು ಹಾರೆಯನ್ನು ಊರಿ ನಿಂತು ಮೆಲ್ಲಗೆ ಹೇಳಿದರು: “ಅಮ್ಮಾರ, ಈ ನೆಲಕ್ಕ ಹುಟ್ಟಿದಾಗಿಂದ ಯಾರೂ ಹಾರಿ ಮುಟ್ಟಿಸಿಲ್ಲರಿ.”

ಅತ್ತೆಯವರು ಕಟ್ಟೆಯ ಮೇಲೆ ಕುಳಿತುಕೊಂಡರು. ಆಮೇಲೆ ಅವರು ಹೇಳಿದ ಮಾತುಗಳನ್ನು ನಾನು ಈವರೆಗೆ ಯಾರ ಮುಂದೆಯೂ ಆಡಿಲ್ಲ. ಮಾವನವರಿಗೆ ಲಕ್ವ ಹೊಡೆದು ನಾಲಿಗೆ ಬಿದ್ದು, ಮೂರು ದಿನ ಬದುಕಿದ್ದರು. “ಮೂರು ದಿನಾನೂ ಅಡಗಿಮನಿ ಕಡೆ ಕೈ ಮಾಡಿದ್ರವಾ. ನೀರು ಕೊಟ್ಟೆ. ಅಂಬಲಿ ಕೊಟ್ಟೆ. ಬ್ಯಾಡ ಅಂತ ತಲಿ ಅಲ್ಲಾಡಿಸಿ ಮತ್ತ ಅತ್ಲಾಗ ಕೈ ಮಾಡೋರು. ನನಗ ತಿಳೀಲಿಲ್ಲ.” ಕಣ್ಣು ಒರೆಸಿಕೊಂಡರು, ಅಂದು ಹೊಗೆ ಇರಲಿಲ್ಲ. ನನ್ನ ಕೈ ಹಿಡಿದು, “ಅಪ್ಪ ಹೇಳದನ ಹ್ವಾದ ಅಂತ ಅವಂಗ ಮಂದಿ ಮುಂದ ಒಪ್ಪಿಕೊಳ್ಳಾಕ ಆಗಿಲ್ಲ. ಓಣ್ಯಾಗ ತಿಳಿದ್ರ ಅವಂಗ ತಲಿ ಎತ್ತಾಕ ಆಗೂದಿಲ್ಲ. ನಾನಿರೂತನಕ ಇದನ್ನ ಯಾರಿಗೂ ಹೇಳಬ್ಯಾಡ, ನನ್ನವ್ವಾ,” ಎಂದರು. ಗೌಂಡಿಯವರು ಆಗಲೇ ಕಂಬದ ಕಲ್ಲನ್ನು ಇಳಿಸುತ್ತಿದ್ದರು, ಏನೂ ಕೇಳಿಸದವರಂತೆ.

ನಾನು ಮಾತು ಕೊಟ್ಟೆ. ಅತ್ತೆಯವರು ಅದಾದ ಮೇಲೆ ಬಹಳ ವರ್ಷ ಬದುಕಿದರು. ಅಷ್ಟು ವರ್ಷವೂ ಪ್ರತಿಯೊಂದು ಪಂಕ್ತಿಯಲ್ಲಿ ಗೋಡೆ ಕೆಡವಿದವಳು ನಾನೇ ಆಗಿ ಉಂಡು ಎದ್ದೆ. ಅವರು ಹೋದ ಮೇಲೆಯೂ ಸುಮ್ಮನಿದ್ದೆ, ಭಾವನವರೇ ಒಂದು ದಿನ ಹೇಳಬಹುದೆಂದು.

ಆದರೆ ಕಿಟಕಿ ಬಂತು. ಹಗೇವನ್ನು ಕಲ್ಲು, ಗರಸು, ಸುಣ್ಣದಿಂದ ತುಂಬಲು ಒಂಬತ್ತು ದಿನ ಹಿಡಿಯಿತು; ತುಂಬಿದ ಬುಟ್ಟಿಗಳನ್ನು ನಾನು ಇದ್ದಲಿಯಿಂದ ಗೆರೆ ಎಳೆದು ಎಣಿಸುತ್ತಿದ್ದೆ, ಗೋಡೆಯೊಂದು ಪಟ್ಟೆಪಟ್ಟೆ ಹುಲಿಯಾಯಿತು. ಬುಡ ಗಟ್ಟಿಯಾದ ಮೇಲೆ ಗೌಂಡಿಯವರು ಬಿರುಕು ಬಿಟ್ಟ ಗೋಡೆಯನ್ನು ಬಿಚ್ಚಿ ಕಲ್ಲಿನಿಂದ ಹೊಸದನ್ನು ಎತ್ತಿದರು. ಚೌಕಟ್ಟು ಕೂರಿಸುವ ಹೊತ್ತಿಗೆ ಅವರು ನನ್ನ ಗಂಡನ ಕಡೆ ತಿರುಗಿ, ಈಗ ನೆಲ ಮೂರೂವರೆ ಅಡಿಯ ಕಿಟಕಿಯನ್ನೂ ಹೊರುತ್ತದೆ, ಏನು ಮಾಡಲಿ ಎಂದು ಕೇಳಿದರು. ಯಾವಾಗಲೂ ಅಣ್ಣನ ಮುಖ ನೋಡಿ ಮಾತನಾಡುತ್ತಿದ್ದ ನನ್ನ ಗಂಡ ಅಂದು ಯಾರ ಮುಖವನ್ನೂ ನೋಡದೆ, “ಹೊರತೈತಿ ಅಂದ್ರ ಹೊರಸ್ರಿ,” ಎಂದರು. ಬಡಿಗೇರ ಎರಡು ದಿನದಲ್ಲಿ ಚೌಕಟ್ಟಿಗೆ ತೋಳು ಕೂಡಿಸಿ ಅಗಲ ಮಾಡಿದ. ಐದಿದ್ದ ಸರಳು ಏಳಾದವು.

ಒಳಗೆ ಮೊದಲ ಸಲ ಒಲೆ ಹೊತ್ತಿಸಿದ ಬೆಳಗ್ಗೆ ಹೊಗೆ ಎದ್ದು, ಅಭ್ಯಾಸದಂತೆ ಮೇಲಕ್ಕೆ ಹೋಗಿ, ಬೆಳಕಿಂಡಿ ಕಾಣದೆ ಗಲಿಬಿಲಿಗೊಂಡಂತೆ ಸುತ್ತಿ, ಕಡೆಗೆ ಸರಳುಗಳ ನಡುವಿನಿಂದ ಬೇವಿನ ಗಿಡದ ಕಡೆ ಹೊರಟಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅತ್ತೆಯವರು ಹೆಂಚಿನ ಮೇಲಿನ ರೊಟ್ಟಿಯನ್ನು ಬಗ್ಗಿ ನೋಡಿದರು. ಅದರ ಮೇಲೆ ಏಳುತ್ತಿದ್ದ ಕಂದು ಚುಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ತೋರಿಸಿದರು. ಅದಾದ ಆರು ತಿಂಗಳಿಗೆ ಅವರ ಕಣ್ಣಿನ ಕೆಂಪು ಅರ್ಧ ಇಳಿದಿತ್ತು. ಮುಂದಿನ ವರ್ಷ ಓಣಿಯಲ್ಲಿ ಇನ್ನೂ ಮೂರು ಅಡಿಗೆಮನೆಗಳಿಗೆ ಕಿಟಕಿ ಬಂದವು. ಎದುರು ಮನೆಯಾಕೆಯದು ಅವುಗಳಲ್ಲಿ ಎರಡನೆಯದು. ಅಳತೆ ಕೇಳಲು ಅವಳು ನನ್ನ ಬಳಿಗೇ ಬಂದಿದ್ದಳು. ಕೊಟ್ಟೆ, ಆದರೆ ಕೂರೆನ್ನಲಿಲ್ಲ.

ಈಗ ಭಾವನವರಿಗೆ ಒಂದು ಮಾತು. ಈ ಬರಹವನ್ನು ನಿಮ್ಮ ಮೊಮ್ಮಗ ನಿಮಗೆ ಓದಿ ಹೇಳಲಿ ಎಂದೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ತಂದೆಯವರು ನಿಮಗೆ ಜಾಗ ಹೇಳದೆ ಹೋದದ್ದು ನಿಮ್ಮ ಕುಂದಲ್ಲ. ಅವರ ನಾಲಿಗೆಯೇ ಬಿದ್ದುಹೋಗಿತ್ತು. ಮೊದಲ ದಿನ ಆಳುಕಾಳುಗಳ ಮುಂದೆ ಗೊತ್ತಿಲ್ಲವೆನ್ನಲು ನಿಮಗೆ ನಾಚಿಕೆಯಾಯಿತು, ಅದನ್ನೂ ನಾನು ಅರ್ಥಮಾಡಿಕೊಳ್ಳಬಲ್ಲೆ. ಗೋಡೆಯ ಹೊಣೆಯನ್ನು ನನ್ನ ಮೇಲೆ ಹಾಕಿದ್ದನ್ನು ಕೂಡ, ಬೇಕಾದರೆ, ಒಂದು ಬದಿಗಿಡುತ್ತೇನೆ. ಆದರೆ ಮರುದಿನ ಬೆಳಗ್ಗೆ ಗೌಂಡಿಯವರು ಎರಡನೆಯ ಸಲ ಕೇಳಿದಾಗ ನಿಮ್ಮ ತಾಯಿಯ ಮಣೆ ಇನ್ನೂ ಆ ಮಣ್ಣಿನ ಅಡಿಯಲ್ಲೇ ಇತ್ತು, ಅದನ್ನು ನೀವು ಬಲ್ಲಿರಿ. ಅದೇ ಬುಡದ ಮೇಲೆ ಏಳುವ ಗೋಡೆಯ ಪಕ್ಕದಲ್ಲಿ ನಾಳೆಯಿಂದ ಮತ್ತೆ ಕೂರುವವರು ಅವರೇ ಎಂಬುದನ್ನೂ ಬಲ್ಲಿರಿ. ಅಷ್ಟನ್ನೂ ಬಲ್ಲ ನೀವು, ಅಂದು ಯಾವ ಧೈರ್ಯದಿಂದ ಹೋಗಿ ಅದೇ ನೆಲವನ್ನು ಮತ್ತೆ ತಟ್ಟಿ ತೋರಿಸಿದಿರಿ?